ಲಿಂದಾಲ್ವಾ ಗುಡಿಸದ ಅಂಗಳ

ನಮ್ಮೂರಲ್ಲಿ ಹೆಂಗಸಿನ ಯೋಗ್ಯತೆ ಅಳೆಯುವುದು ಅವಳ ಅಂಗಳ ನೋಡಿ. ತಪಜೋಸ್ ನದಿಯ ಈ ದಂಡೆಯಲ್ಲಿ ಬೆಳಗಾದರೆ ಮೂವತ್ತು ಮನೆಗಳ ಮುಂದೆ ಪೊರಕೆ ಸದ್ದು. ಒಂದು ಹುಲ್ಲುಕಡ್ಡಿ ಉಳಿಯಕೂಡದು. ಹಾವು ಬಂದರೆ ಕಾಣಬೇಕು, ನೆರೆಯವರು ಬಂದರೆ ಆಡಿಕೊಳ್ಳಬಾರದು. ಮಳೆ ಬಂದಾಗ ಮಣ್ಣೊಳಗಿಂದ ಏಳುವ ಹಳೇ ಮಡಕೆ ಚೂರುಗಳನ್ನೂ ಗುಡಿಸಿ ನದಿಗೆ ಸುರಿಯುತ್ತಾರೆ. ಲಿಂದಾಲ್ವಾ ಒಬ್ಬಳೇ ಗುಡಿಸುತ್ತಿರಲಿಲ್ಲ. ಐವತ್ತೆಂಟರ ಆ ಹೆಂಗಸಿನ ಬಗ್ಗೆ ಊರು ಆಡದ ಮಾತಿಲ್ಲ. ಅದರಲ್ಲಿ ಅರ್ಧ ನನ್ನ ಹೆಂಡತಿ ಎದಿಲೇನೆ ಆಡಿದ್ದು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಲಿಂದಾಲ್ವಾ ನನ್ನ ಮಗಳ ಜ್ಞಾನಸ್ನಾನದ ತಾಯಿ. ಹಾಗಾಗಿ ನಾವು ಗಂಡಹೆಂಡಿರು ಅವಳನ್ನು ಕೊಮಾದ್ರೆ ಎನ್ನುತ್ತೇವೆ, ಅವಳು ನನ್ನನ್ನು ಕೊಂಪಾದ್ರೆ ಎನ್ನುತ್ತಾಳೆ. ಅವಳು ಕೊಳಕಿಯಲ್ಲ. ನದಿಯ ಮೇಲಿನ ತಿರುವಿನಲ್ಲಿ ಹಳೇ ಜನರ ನೆಲೆ ಅಗೆಯಲು ಬಂದವರಿಗೆ ಮೂರು ಬೇಸಿಗೆ ಅಡುಗೆ ಮಾಡಿಹಾಕಿದ್ದಳು. ಮೀನು ಸುಡುತ್ತಲೇ ಅವರ ಕೆಲಸ ನೋಡಿ ಕಲಿತಳು. ಮಡಕೆ ಚೂರು ಬಿದ್ದಲ್ಲೇ ಇದ್ದರೆ ಅದು ಸಾಕ್ಷಿ, ಎತ್ತಿ ಬೇರೆ ಕಡೆ ಹಾಕಿದರೆ ಯಾರಿಗೂ ಬೇಡದ ಓಡು ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ತಾನೇ ಹುಡುಕಲು ಹೊರಟಳು. ದೋಣಿ ನನ್ನದು, ಕಣ್ಣು ಅವಳದು. ನಮ್ಮ ಕಡೆ ಮಣ್ಣು ಹಳದಿ. ಎಲ್ಲಿ ಕಪ್ಪಾಗಿ, ಜಿಡ್ಡುಜಿಡ್ಡಾಗಿ ಇದೆಯೋ ಅಲ್ಲಿ ಹಿಂದಿನವರು ತಲೆಮಾರುಗಟ್ಟಲೆ ಒಲೆ ಹೊತ್ತಿಸಿ, ಬೂದಿ ಮತ್ತು ಮೀನಿನ ಮುಳ್ಳು ಚೆಲ್ಲಿ ಬಾಳಿದ್ದಾರೆ ಎಂದು ಅರ್ಥ. ಹಿಡಿ ಮಣ್ಣು ಎತ್ತಿ ಮೂಸಿ, "ಇಲ್ಲೂ ಇದ್ರು ನೋಡು" ಎನ್ನುತ್ತಿದ್ದಳು. ಹಾಗೆ ಹನ್ನೊಂದು ಜಾಗ ಗುರುತು ಮಾಡಿದಳು. ಹನ್ನೆರಡನೆಯದು ನಮ್ಮೂರೇ. ಅದನ್ನು ಊರವರಿಗೆ ಇಪ್ಪತ್ತು ಸಲ ಹೇಳಿದ್ದಾಳೆ. ಅವರು ನಕ್ಕು ಪೊರಕೆ ಹಿಡಿದಿದ್ದಾರೆ. ನಾನಾದರೂ ಮನೆಯಲ್ಲಿ ಕೂತು ಎದಿಲೇನೆಗೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮೇಲೂ ನನಗೆ ಸಿಟ್ಟಿದೆ.

ಕಳೆದ ವರ್ಷ ಸೋಯಾ ಸಾಗಿಸುವ ಕಂಪನಿಯೊಂದು ಇಲ್ಲಿ ಹಡಗುಕಟ್ಟೆ ಮಾಡುತ್ತೇವೆಂದು ನಕ್ಷೆ ತಂದಿತು. ನಮ್ಮ ಮೂವತ್ತು ಮನೆಗಳ ಜಾಗದಲ್ಲಿ ಲಾರಿ ನಿಲ್ದಾಣ ಎಂದು ಬರೆದಿತ್ತು. ನಮ್ಮಪ್ಪನ ಕಾಲದಿಂದ ಇಲ್ಲಿದ್ದೇವೆ, ಕಾಗದ ಮಾತ್ರ ಯಾರ ಹತ್ತಿರವೂ ಇಲ್ಲ. ನಮಗೆ ಉಳಿದಿದ್ದ ದಾರಿ ಒಂದೇ: ಇದು ಪುರಾತನ ನೆಲೆ ಎಂದು ದಾಖಲಾದರೆ ಲಾರಿ ಬರುವಂತಿಲ್ಲ. ಅದನ್ನು ಪರೀಕ್ಷಿಸಲು ತಜ್ಞನನ್ನು ಕಳಿಸಿದ್ದೂ ಅದೇ ಕಂಪನಿ. ಪರೀಕ್ಷೆ ಬರೆಯುವವನೇ ಮಾಸ್ತರನಿಗೆ ಸಂಬಳ ಕೊಟ್ಟ ಹಾಗೆ! ಅದಕ್ಕೂ ಒಂದೇ ದಿನ ಕೊಟ್ಟಿದ್ದರು.

ಆ ದಿನ ನಸುಕಿನಲ್ಲೇ ನಾನೂ ಲಿಂದಾಲ್ವಾಳೂ ಪಟ್ಟಣಕ್ಕೆ ಹೋಗಿ ತಜ್ಞನನ್ನು ಹತ್ತಿಸಿಕೊಂಡು ಬಂದೆವು. ಒತಾವಿಯೊ ಎಂದು ಹೆಸರು; ಓದಿದವನಾದ್ದರಿಂದ ದೊತೋರ್, ಅಂದರೆ ಡಾಕ್ಟರ್, ಎಂದು ಕರೆದೆವು. ಹೊಸ ಬೂಟು, ಮೆದು ಮಾತು. ದಾರಿಯುದ್ದಕ್ಕೂ ಅವಳು ತನ್ನ ಅಂಗಳದ ಸುದ್ದಿಯನ್ನೇ ಹೇಳಿದಳು. "ಒಂದು ಚೂರೂ ಅಲ್ಲಾಡಿಸಿಲ್ಲ ದೊತೋರ್. ಕೋಳಿಗಳನ್ನೂ ಒಳಗೆ ಬಿಟ್ಟಿಲ್ಲ."

ದಡ ಹತ್ತಿ ನೋಡಿದರೆ ಅವಳ ಅಂಗಳ ಅಂಗೈ ಹಾಗೆ ಸಪಾಟಾಗಿತ್ತು. ಹೆಂಗಸರೆಲ್ಲ ತಲೆ ಬಾಚಿ, ಕಾಫಿ ಕಾಸಿಟ್ಟು, ಹಲ್ಲು ಕಿಸಿದು ನಿಂತಿದ್ದರು. ಮುಂದೆ ನನ್ನ ಹೆಂಡತಿ.

"ನೋಡಿ ಕೊಮಾದ್ರೆ! ದೊಡ್ಡವರು ಬರ್ತಾರೆ, ನಿಮ್ಮ ಮಾನ ಹೋಗಬಾರದು ಅಂತ ನಾವೇ ಸೇರಿ ಗುಡಿಸಿಬಿಟ್ವಿ. ಐದು ಬುಟ್ಟಿ ಓಡು! ಎಲ್ಲಾ ನದಿಗೆ ಹಾಕಿದ್ವಿ."

"ಐದು ಬುಟ್ಟಿ" ಎಂದಳು ಲಿಂದಾಲ್ವಾ. ಆಮೇಲೆ ಅವಳ ಬಾಯಿಗೆ ಅಡ್ಡಿಯೇ ಉಳಿಯಲಿಲ್ಲ. "ನಿನ್ನ ಕೈ ಸೇದಿಹೋಗ! ಆ ಬುಟ್ಟೀಲಿ ನಿನ್ನ ಮನೇನೂ ಇತ್ತು ಕಣೇ, ತಗೊಂಡು ಹೋಗಿ ನೀರಿಗೆ ಹಾಕಿದೆ!"

"ಒಳ್ಳೇದು ಮಾಡಿದ್ರೂ ಬೈತೀರಲ್ಲ! ನಿಮ್ಮ ಮಾನ ಉಳಿಸೋಕೆ ಮಾಡಿದ್ದು."

"ನನ್ನ ಮಾನ ಆ ಲಾರಿ ನಿಲ್ಸೋ ಜಾಗದಲ್ಲಿ ಹುಡುಕು, ಹೋಗು!"

ಕಂಪನಿ ತನ್ನ ನಕ್ಷೆಯಲ್ಲಿ ಚುಕ್ಕೆ ಇಟ್ಟ ಕಡೆ ದೊತೋರ್ ಆರು ಗುಂಡಿ ತೋಡಿದ. ಎಲ್ಲವೂ ನೆರೆ ಬರುವ ತಗ್ಗಿನಲ್ಲಿ. ಅಲ್ಲಿ ಏನು ಸಿಗಬೇಕು, ಮಣ್ಣಂಗಟ್ಟಿ? ಲಿಂದಾಲ್ವಾ ಅವನ ತೋಳು ಹಿಡಿದು ಎಳೆದುಕೊಂಡು ಬಂದು ತನ್ನ ಹಿತ್ತಲಿನಲ್ಲಿ ಎರಡು ಗುಂಡಿ ತೋಡಿಸಿದಳು. ಕಪ್ಪು ಮಣ್ಣು ಬಂತು, ಚೂರೂ ಬಂತು. ಜೊತೆಗೆ ಎಣ್ಣೆ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವೂ ಬಂತು.

"ಮಣ್ಣು ಕಪ್ಪಿದೆ, ಒಪ್ತೀನಿ ದೋನಾ ಲಿಂದಾಲ್ವಾ" ಎಂದ ಅವನು. "ಆದ್ರೆ ಮರಗೆಣಸು ನೆಟ್ಟು ಕಿತ್ತು ಎಲ್ಲಾ ಕಲಸಿಹೋಗಿದೆ. ಇದ್ದಲ್ಲೇ ಇರೋದು ಒಂದಾದ್ರೂ ಬೇಕು. ಬರೀ ನಿಮ್ಮ ಮಾತು ನಂಬಿ ಬರೆಯೋಕಾಗಲ್ಲ."

"ಐದು ಬುಟ್ಟಿ ನೀರಲ್ಲಿದೆ, ಮುಳುಗಿ ನೋಡಿ."

"ನೀರಲ್ಲಿ ಸಿಕ್ಕಿದ್ದು ಎಲ್ಲಿಂದ ಬಂತು ಅಂತ ಹ್ಯಾಗೆ ಹೇಳ್ಲಿ?"

ಅವನ ಮಾತು ಸುಳ್ಳಲ್ಲ. ಅದಕ್ಕೇ ಇನ್ನೂ ಕೋಪ ಬಂತು. ಗಡಿಯಾರ ನೋಡಿಕೊಂಡು, ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯತೊಡಗಿದ. ಮೂರು ಗಂಟೆಯಾಗಿತ್ತು. ಕತ್ತಲಾಗುವ ಮೊದಲು ಅವನನ್ನು ನಾನು ಪಟ್ಟಣಕ್ಕೆ ಮುಟ್ಟಿಸಬೇಕಿತ್ತು.

ಲಿಂದಾಲ್ವಾ ಗುದ್ದಲಿ ತೆಗೆದುಕೊಂಡು ಹಿಟ್ಟು ಹುರಿಯುವ ಚಪ್ಪರದೊಳಗೆ ಹೋದಳು. ಅಲ್ಲಿ ಅವಳ ಒಲೆ. ಎದೆ ಮಟ್ಟದ ಮಣ್ಣಿನ ಗೋಡೆ, ಮೇಲೆ ಒಂದು ಮಾರು ಅಗಲದ ಕಬ್ಬಿಣದ ಬಾಣಲೆ. ಅವಳ ಅಜ್ಜಿ ಕಟ್ಟಿದ್ದು. ಮರಗೆಣಸಿನ ಹಿಟ್ಟನ್ನು ಅದರಲ್ಲೇ ಹುರಿದು ಮಾರಿ ಅವಳು ಬದುಕುತ್ತಿದ್ದಳು. ಅವಳಿಗೆ ಬೇರೆ ಆದಾಯವಿಲ್ಲ.

"ಕೊಂಪಾದ್ರೆ, ಬಾಣಲೆ ಇಳಿಸೋಕೆ ಕೈ ಕೊಡು."

"ಏನು ಮಾಡ್ತೀರಿ?"

"ಇದರಡಿಗೆ ಎಪ್ಪತ್ತು ವರ್ಷದಿಂದ ಯಾರ ಪೊರಕೇನೂ ಹೋಗಿಲ್ಲ, ಯಾರ ಗುದ್ದಲೀನೂ ಬಿದ್ದಿಲ್ಲ. ಇಳಿಸು."

ಇಳಿಸಿದೆವು. ಮೊದಲ ಏಟಿಗೇ ಎದಿಲೇನೆ ಓಡಿಬಂದು ಅವಳ ಕೈ ಹಿಡಿದಳು. "ಬೇಡ ಕೊಮಾದ್ರೆ, ನಿಮ್ಮ ಹೊಟ್ಟೆಪಾಡು ಅದು! ನಂದೇ ತಪ್ಪು, ಬೇಡ!" ಲಿಂದಾಲ್ವಾ ಅವಳನ್ನು ಆಚೆ ತಳ್ಳಿದಳು. ಒಲೆ ಗಟ್ಟಿಯಿತ್ತು. ಅರ್ಧ ಗಂಟೆ ಹೊಡೆದಳು, ಹೊಡೆತ ಹೊಡೆತಕ್ಕೂ ಕಂಪನಿಯನ್ನು, ನಕ್ಷೆಯನ್ನು, ನನ್ನ ಹೆಂಡತಿಯನ್ನು, ಸುಮ್ಮನೆ ನಿಂತ ನನ್ನನ್ನು ಬೈದಳು. ದೊತೋರ್ ಬರೆಯುವುದು ಬಿಟ್ಟು ಎದ್ದು ಬಂದ.

ಗೋಡೆ ಬಿತ್ತು. ಬೂದಿ ತೆಗೆದೆವು. ಸುಟ್ಟು ಕೆಂಪಾದ ಮಣ್ಣಿನ ಕೆಳಗೆ ಕಪ್ಪು ಮಣ್ಣು ಸಿಕ್ಕಿತು. ದೊತೋರ್ ಹೊಸ ಬೂಟಿನ ಚಿಂತೆ ಬಿಟ್ಟು ಮೊಣಕಾಲೂರಿ ಕರಣೆಯಿಂದ ಕೆರೆಯತೊಡಗಿದ. ಮೊಳದಷ್ಟು ಇಳಿದಾಗ ದೊಡ್ಡ ಮಣ್ಣಿನ ಹಂಡೆಯೊಂದರ ಬಾಯಿ ಕಂಡಿತು, ಮೇಲೆ ಬೋರಲು ಮುಚ್ಚಿದ ಬಟ್ಟಲು. ಹಳೇ ಜನ ತಮ್ಮ ಸತ್ತವರ ಎಲುಬು ಇಡುತ್ತಿದ್ದ ಹಂಡೆ. ಇಟ್ಟವರು ಇಟ್ಟ ಹಾಗೆಯೇ ಇತ್ತು. ಹೆಂಗಸರು ಎದೆ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

"ಬರೀರಿ" ಎಂದಳು ಲಿಂದಾಲ್ವಾ. "ಬರ್ದು ಗಟ್ಟಿಯಾಗಿ ಓದಿ."

ಅವನು ಮೊದಲು ಬರೆದ ಹಾಳೆಯನ್ನು ಹರಿದು, ಬೇರೆ ಹಾಳೆಯಲ್ಲಿ ಬರೆದು, ಓದಿದ. ಆಮೇಲೆ ತಗ್ಗಿದ ದನಿಯಲ್ಲಿ, ಇನ್ನು ಮೇಲೆ ಆ ಜಾಗದಲ್ಲಿ ಒಲೆ ಕಟ್ಟುವಂತಿಲ್ಲ, ಅದು ರಕ್ಷಿತ ನೆಲ ಎಂದ. ಅವಳು ಗುದ್ದಲಿ ಒರಗಿಸಿ ಹೋಗಿ ಕೈ ತೊಳೆದುಕೊಂಡಳು.

ಲಾರಿ ನಿಲ್ದಾಣ ಬರಲಿಲ್ಲ. ಲಿಂದಾಲ್ವಾ ಈಗ ನಮ್ಮ ಒಲೆಯಲ್ಲಿ ಹುರಿಯುತ್ತಾಳೆ, ಹುರಿಯುತ್ತಲೇ ಎದಿಲೇನೆಯನ್ನು ಬೈಯುತ್ತಾಳೆ, ಎದಿಲೇನೆ ಸೌದೆ ಒಟ್ಟುತ್ತಾಳೆ. ಮೊನ್ನೆ ನನಗೂ ರೇಗಿತು.

"ಹಂಡೆ ಅಲ್ಲಿದೆ ಅಂತ ಗೊತ್ತಿದ್ದೂ ಬೆಳಗ್ಗೆಯಿಂದ ಯಾಕೆ ಅಷ್ಟು ಕೂಗಾಡಿದ್ರಿ ಕೊಮಾದ್ರೆ? ಮೊದ್ಲೇ ಹೇಳಬಾರ್ದಿತ್ತಾ?"

"ಯಾರಿಗೆ ಗೊತ್ತಿತ್ತು?" ಎಂದಳು ಹಿಟ್ಟು ತಿರುವುತ್ತಾ.

"ಏನೂ ಇಲ್ದೇ ಹೋಗಿದ್ರೆ?"

"ಇಲ್ದೇ ಹೋಗಿದ್ರೆ ಇಲ್ಲ. ಊರೇ ಹೋದ್ಮೇಲೆ ಒಲೆ ಇಟ್ಕೊಂಡು ಯಾರಿಗೆ ಹುರೀಲಿ?"