ಮಿಸ್ ವರ್ನೆಲ್ ಮತಗಟ್ಟೆಗೆ ಹೊರಟಿದ್ದು

ಪೂರ್ವ ಟೆಕ್ಸಸ್ಸಿನ ನಮ್ಮ ಬೀದಿಯಲ್ಲಿ ಯಾರಿಗೆ ವೋಟು ಹಾಕಬೇಕೆಂದು ಮಿಸ್ ವರ್ನೆಲ್ ಪ್ರೂಯಿಟ್ ಹೇಳಬೇಕು, ನಾವು ಕೇಳಬೇಕು. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯ ತೇಯ್ದವರು, ಚರ್ಚಿನ ಹಾಡುವ ಹೆಂಗಸರಿಗೆಲ್ಲ ಹಿರಿಯರು. ಅವರ ಮಾತಿಗೆ ಪಾದ್ರಿಯೇ ಎದುರಾಡುತ್ತಿರಲಿಲ್ಲ. ಚರ್ಚಿನ ವ್ಯಾನು ಓಡಿಸುವ ನಾನು ಯಾವ ಲೆಕ್ಕ?

ಕ್ಷೇತ್ರದ ಗೆರೆಗಳನ್ನು ಹೊಸದಾಗಿ ಎಳೆಸಿದವನು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತಕ್ಕೆ ಆರಿಸಿ ಬಂದ ದೊಡ್ಡ ಯಜಮಾನ, ಅವನ ಮನೆ ಹಾಳಾಗ. ಚರ್ಚು ಗೆರೆಯ ಆ ಕಡೆ ಹೋಯಿತು, ನಮ್ಮ ಬೀದಿ ಈ ಕಡೆ ಉಳಿಯಿತು. ಚರ್ಚಿನ ಹಜಾರದಲ್ಲಿ ವೋಟು ಹಾಕುತ್ತಿದ್ದ ನಾವು ಈಗ ಹೆದ್ದಾರಿ ದಾಟಿ, ದನಗಳ ಪ್ರದರ್ಶನ ನಡೆಯುವ ದೊಡ್ಡ ಕೊಟ್ಟಿಗೆಗೆ ಹೋಗಬೇಕು. ನಮಗೆ ದನದ ಕೊಟ್ಟಿಗೆಯೇ ಸಾಕೆಂದು ಅವನು ಅಂದುಕೊಂಡಿರಬೇಕು.

ಆ ಹೊಸ ಕ್ಷೇತ್ರದಿಂದ ಕೌಂಟಿಯ ಆಡಳಿತ ಮಂಡಳಿಗೆ ಕಮಿಷನರ್ ಆಗಿ ಆರಿಸಿ ಬರಲು ಡೆಲ್ಫಿನ್ ನಿಂತಳು. ತಾಯಿ ಸತ್ತ ಮೇಲೆ ಮಿಸ್ ವರ್ನೆಲ್ ಸಾಕಿ ಬೆಳೆಸಿದ ಹುಡುಗಿ. ಅವಳು ಗೆದ್ದರೆ ನಮ್ಮ ಚರಂಡಿಯ ಪರವಾಗಿ ಬಾಯಿ ಬಿಡುವವರು ಒಬ್ಬರಾದರೂ ಇರುತ್ತಿದ್ದರು. ಮಾರ್ಚಿನಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವಾಗ ಮೂವರಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬೀಳಲಿಲ್ಲ. ಮೇ ತಿಂಗಳಲ್ಲಿ ಮೊದಲಿಬ್ಬರಿಗೆ ಎರಡನೇ ಸುತ್ತು. ಅದರಲ್ಲಿ ಡೆಲ್ಫಿನ್ ಇದ್ದಳು.

ಆ ಎರಡನೇ ಸುತ್ತಿನ ದಿನ ಮಿಸ್ ವರ್ನೆಲ್ ಈಸ್ಟರ್ ಹಬ್ಬದ ನೀಲಿ ಟೋಪಿ ಹಾಕಿಕೊಂಡರು. ಬಂದ ಮೇಲೆ ಕರಿಯಲು ಮೀನಿಗೆ ಮೆಕ್ಕೆಜೋಳದ ಹಿಟ್ಟು ಸವರಿಟ್ಟು, ಹೆಂಗಸರನ್ನೆಲ್ಲ ವ್ಯಾನಿಗೆ ಹತ್ತಿಸಿದರು.

"ಕ್ಲೀಟಸ್, ನಿಧಾನಕ್ಕೆ ಓಡ್ಸೋ. ವೋಟ್ ಹಾಕೋ ತನಕನಾದ್ರೂ ನಾವು ಬದುಕಿರ್ಬೇಕು."

"ಸತ್ತೋರ ವೋಟೂ ಎಣಿಸ್ತಾರಂತೆ, ಮಿಸ್ ವರ್ನೆಲ್."

"ಅದು ಅವ್ರ ಕಡೆಯೋರದ್ದು ಕಣೋ. ನಮ್ಮೋರು ಬದುಕಿದ್ರೂ ಎಣಿಸಲ್ಲ."

ವ್ಯಾನಿನ ತುಂಬ ನಗು. ಆ ನಗು ಕೊಟ್ಟಿಗೆಯ ಬಾಗಿಲವರೆಗೆ ಮಾತ್ರ.

ಮೇಜಿನ ಹಿಂದಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಮೇಡಂ, ಮಾರ್ಚಲ್ಲಿ ನೀವು ರಿಪಬ್ಲಿಕನ್ ಕಡೆ ಹಾಕಿದೀರ. ಎರಡನೇ ಸುತ್ತಲ್ಲಿ ಪಕ್ಷ ಬದಲಾಯ್ಸೋ ಹಾಗಿಲ್ಲ. ಡೆಮಾಕ್ರಟಿಕ್ ಮತಪತ್ರ ಕೊಡೋಕಾಗಲ್ಲ," ಅಂದಳು.

ಹಾಕಿದ್ದು ನಿಜ. ನಮ್ಮಲ್ಲಿ ಮೊದಲ ಸುತ್ತಿಗೆ ಯಾರು ಯಾವ ಪಕ್ಷದ ಮತಪತ್ರವನ್ನಾದರೂ ಕೇಳಬಹುದು. ಗೆರೆ ಎಳೆಸಿದ ಯಜಮಾನನನ್ನು ಅವನ ರಿಪಬ್ಲಿಕನ್ ಪಕ್ಷದಲ್ಲೇ ಸೋಲಿಸಬೇಕೆಂದು ಮಿಸ್ ವರ್ನೆಲ್‌ಗೆ ಹಟ. "ಡೆಲ್ಫಿನ್ ಹೇಗೂ ಎರಡನೇ ಸುತ್ತಿಗೆ ಬರ್ತಾಳೆ, ಅವಳಿಗೆ ಆಗ ಹಾಕೋಣ. ಮೊದ್ಲು ಈ ಹಾವಿನ ಹಲ್ಲು ಕೀಳೋಣ," ಅಂದಿದ್ದರು. ಹೆಂಗಸರೆಲ್ಲ ಹಾಗೇ ಮಾಡಿದರು. ನಾನೂ ಮಾಡಿದೆ. ಅವನು ಗೆದ್ದೇ ಗೆದ್ದ.

ಎಲ್ಲರಿಗೂ ಅದೇ ಉತ್ತರ ಸಿಕ್ಕಿತು. ಹೋದ ವ್ಯಾನು ಹೋದ ಹಾಗೇ ವಾಪಸ್ಸು ಬಂತು. ಸಂಜೆ ಎಣಿಕೆ ಮುಗಿದಾಗ ಡೆಲ್ಫಿನ್ ಸೋತಿದ್ದಳು. ಅಂತರ ಎಷ್ಟು ಗೊತ್ತೇ? ನನ್ನ ವ್ಯಾನಿನಲ್ಲಿ ಇದ್ದಷ್ಟು ಜನರೂ ಇಲ್ಲ.

ಅವಳು ನೇರ ಮಿಸ್ ವರ್ನೆಲ್ ಮನೆಗೆ ಬಂದಳು. ಮೀನು ಹಾಗೇ ಹಿಟ್ಟಿನಲ್ಲಿ ಬಿದ್ದಿತ್ತು. ಜಗಲಿಯಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

"ಹೋಗ್ಲಿ ಬಿಡಿ. ನಮ್ಮ ಬೀದಿಯೋರಾದ್ರೂ ನನ್ನ ಕೈ ಬಿಡ್ಲಿಲ್ಲ, ನನಗಷ್ಟು ಸಾಕು."

ಮಿಸ್ ವರ್ನೆಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಾವು ಯಾರೂ ಹಾಕ್ಲಿಲ್ಲ ಕಣೇ. ಹಾಕೋಕಾಗ್ಲಿಲ್ಲ." ಮಾರ್ಚಿನಿಂದ ಹಿಡಿದು ಎಲ್ಲವನ್ನೂ ಹೇಳಿದರು.

ಡೆಲ್ಫಿನ್ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಆಗ ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ, ಮಿಸ್ ವರ್ನೆಲ್."

"ಬೀದಿಯೋರೆಲ್ಲ ನನ್ನ ಕೇಳ್ತಿದ್ರು," ಅಂದರು ಅವರು. "ನಾನೂ ಯಾರನ್ನಾದ್ರೂ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಡೆಲ್ಫಿನ್ ಊಟಕ್ಕೆ ನಿಲ್ಲಲಿಲ್ಲ.