ಮಾವನ ಎಸ್ಟೇಟು, ತಮ್ಮನ ರಾಡಾರು

ಆ ಮನುಷ್ಯ ನಮ್ಮೂರಿಗೆ ಬಂದ ದಿನ ನಾನು ಊರಿನಲ್ಲಿರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಅವನು ಹಾಕಿದ್ದ ತಿಳಿನೀಲಿ ಅಂಗಿ, ತೊಡೆಯ ಮೇಲೆ ಇಟ್ಟುಕೊಂಡಿದ್ದ ರೆಕ್ಸಿನ್ ಚೀಲ, ಅವ್ವ ಕೊಟ್ಟ ಕಾಫಿಯನ್ನು ಆರಿಸಿ ಆರಿಸಿ ಕುಡಿದ ರೀತಿ, ಎಲ್ಲವೂ ನನಗೆ ನೆನಪಿದೆ. ಊರಿನಲ್ಲೇ ಇರದವನಿಗೆ ಇಷ್ಟು ನೆನಪು ಎಲ್ಲಿಂದ ಬಂತು? ಅವ್ವ ಈ ಕತೆಯನ್ನು ನೂರು ಸಲ ಹೇಳಿದ್ದಾಳೆ, ಕೇಳಿ ಕೇಳಿ ಕಂಡಂತಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಕಣ್ಣಾರೆ ಕಂಡವರ ಮಾತನ್ನೂ ಎರಡು ಸಲ ಪರೀಕ್ಷಿಸಿ ಎಂದು ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ನನ್ನ ಮಾತನ್ನು ಮಾತ್ರ ಒಂದು ಸಲವೂ ಪರೀಕ್ಷಿಸಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನನ್ನ ತಮ್ಮ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದ. ಅಲ್ಲಿ ಸೈನ್ಯಕ್ಕೆ ರಾಡಾರು ತಯಾರಿಸುತ್ತಿದ್ದರು. ಆಕಾಶದಲ್ಲಿ ವಿಮಾನ ಬಂದರೆ ಯಾವ ದಿಕ್ಕಿನಿಂದ, ಎಷ್ಟು ದೂರದಲ್ಲಿ ಬರುತ್ತಿದೆ ಎಂದು ತೋರಿಸುವ ಯಂತ್ರ. ಅದು ತೋರಿಸಿದ ಮೇಲೆ ತಾನೇ ಫಿರಂಗಿ ಅತ್ತ ತಿರುಗುವುದು. ಅಂಥ ಕೆಲವು ರಾಡಾರುಗಳನ್ನು ನಮ್ಮ ಸರ್ಕಾರ ಹೊರದೇಶವೊಂದಕ್ಕೆ ಮಾರಲು ಒಪ್ಪಿತ್ತು. ಯಾವ ದೇಶ ಎಂದು ತಮ್ಮ ಬಾಯಿ ಬಿಡುತ್ತಿರಲಿಲ್ಲ. ಅವನಿಗೆ ಬಂದ ಕಾಗದದಲ್ಲಿ 'ಮಿತ್ರರಾಷ್ಟ್ರ' ಎಂದಷ್ಟೇ ಇತ್ತು.

ಆ ಒಂದು ಪದ ನನ್ನ ತಲೆ ತಿಂದುಹಾಕಿತು. ಹೆಸರು ಹೇಳಲಾಗದವನು ಎಂಥ ಮಿತ್ರ ಎಂದು ನಾನು ಕೇಳಿದರೆ ತಮ್ಮ ನಗುತ್ತಿದ್ದ. ಮಾರಿದ್ದೋ ಕೊಟ್ಟದ್ದೋ ಅದಾದರೂ ಹೇಳು ಎಂದರೆ, ಸರ್ಕಾರದಿಂದ ಸರ್ಕಾರಕ್ಕೆ ಹೋಗುವುದು, ನಮಗೆ ಬರುವುದು ಬರೀ ಆರ್ಡರು ಅನ್ನುತ್ತಿದ್ದ. ಪತ್ರಿಕೆಯಲ್ಲಿ ಅದೇ ಥರದ ಸುದ್ದಿಗೆ ಒಂದು ದಿನ 'ನೆರವು' ಎಂದೂ ಇನ್ನೊಂದು ದಿನ 'ಮಾರಾಟ' ಎಂದೂ ಇರುತ್ತಿತ್ತು. ಆ ಯಂತ್ರವನ್ನು ನಾಳೆ ಯಾರ ಮೇಲೆ ತಿರುಗಿಸುತ್ತಾರೆ ಎಂದು ಕೇಳಿದ್ದಕ್ಕೆ ಮಾತ್ರ ಅವನು ಸ್ವಲ್ಪ ಸಿಟ್ಟಾಗಿ, ಅದು ನೋಡುವ ಯಂತ್ರ, ಹೊಡೆಯುವುದಲ್ಲ ಎಂದಿದ್ದ.

ಯಂತ್ರದ ಜೊತೆ ಅದನ್ನು ನಿಲ್ಲಿಸಿ, ಆ ದೇಶದ ಸೈನಿಕರಿಗೆ ಕಲಿಸಿಕೊಡಲು ಕಾರ್ಖಾನೆಯಿಂದ ಒಂದು ತಂಡ ಹೋಗಬೇಕಿತ್ತು. ಪಟ್ಟಿಯಲ್ಲಿ ತಮ್ಮನ ಹೆಸರಿತ್ತು. ಎರಡು ವರ್ಷ ಅವನು ಅದೇ ರಾಡಾರಿನ ಮೇಲೆ ಕೆಲಸ ಮಾಡಿದ್ದ. ಅದರ ಒಂದೊಂದು ಕೇಬಲ್ಲನ್ನೂ ಕೈಯಿಂದ ಸವರಿ ಗುರುತು ಹಿಡಿಯುತ್ತೇನೆ ಅನ್ನುತ್ತಿದ್ದ. ಬೇರೆ ಮಣ್ಣಿನ ಮೇಲೆ ಅದು ಮೊದಲ ಸಲ ತಿರುಗುವಾಗ ತಾನು ಪಕ್ಕದಲ್ಲಿರಬೇಕು ಎನ್ನುವುದೊಂದೇ ಅವನ ಆಸೆ. ಸಂಬಳ, ಭತ್ಯೆ ಯಾವುದರ ಮಾತೂ ಅವನ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಹೋಗುವ ಮುಂಚೆ ಪೊಲೀಸ್ ವಿಚಾರಣೆ ಆಗುತ್ತದೆ ಎಂದು ಹೇಳಿದ್ದನೋ ಇಲ್ಲವೋ, ಅದೂ ನೆನಪಿಲ್ಲ. ಹೇಳಿದ್ದೆ ಎಂದು ಅವನು ಅನ್ನುತ್ತಾನೆ.

ನಮ್ಮೂರು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಕಾಲು ಗಂಟೆ. ಆಗ ಊರ ಸುತ್ತ ಚೆಂಡುಹೂವು ಬೆಳೆಯುತ್ತಿದ್ದರು. ಬಣ್ಣ ತೆಗೆಯುವ ಕಂಪನಿಯವರು ಲಾರಿಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಅದೇ ತಿಂಗಳು ತಮ್ಮನಿಗೆ ಉಮ್ಮತ್ತೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣಿನ ಕಡೆಯವರು ಇವತ್ತೋ ನಾಳೆಯೋ ಯಾರನ್ನಾದರೂ ಕಳಿಸಿ ವಿಚಾರಿಸುತ್ತಾರೆ ಎಂದು ನಡುವಿನವರು ಹೇಳಿ ಹೋಗಿದ್ದರು.

ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಹಾಗೆ ವಿಚಾರಿಸಲು ಬಂದವನು ತಾನು ಯಾರು ಎಂದು ಹೇಳುವುದಿಲ್ಲ. ಅರಿಸಿನದ ಬಿತ್ತನೆ ಸಿಗುತ್ತದಾ ಎಂದೋ, ಎತ್ತು ಮಾರುವವರಿದ್ದಾರಾ ಎಂದೋ ಮಾತು ತೆಗೆಯುತ್ತಾನೆ. ಊರವರಿಗೆ ಎರಡನೇ ಮಾತಿಗೇ ಗೊತ್ತಾಗುತ್ತದೆ. ಗೊತ್ತಾದರೂ ನೀವು ಯಾರು ಎಂದು ಕೇಳಬಾರದು. ಕೇಳಿದರೆ ಅವನಿಗೆ ಅವಮಾನ. ಅವನು ಕೇಳಿದ್ದಕ್ಕೆಲ್ಲ ಒಂದಕ್ಕೆ ಎರಡು ಸೇರಿಸಿ ಹುಡುಗನನ್ನು ಎತ್ತಿ ಹೇಳುವುದು ಊರಿನ ಧರ್ಮ. ಕೇಳುವವನಿಗೂ ಅದು ಗೊತ್ತು. ಅರ್ಧ ಕಳೆದು ಲೆಕ್ಕ ಹಿಡಿಯುತ್ತಾನೆ. ಓದಿದವನಾದ ನಾನು ಇದನ್ನು ಕಂಡಾಗಲೆಲ್ಲ ಗೇಲಿ ಮಾಡುತ್ತಿದ್ದೆ.

ತಿಳಿನೀಲಿ ಅಂಗಿಯವನು ಬಸ್ಸಿಳಿದು ಟೀ ಅಂಗಡಿಯಲ್ಲಿ ತಮ್ಮನ ಹೆಸರು ಹೇಳಿ ಕೇಳಿದ. ಹುಡುಗ ಹೇಗೆ, ಕುಡಿತ ಇದೆಯಾ, ಮನೆಯವರ ಮೇಲೆ ಜಗಳ ತಕರಾರು ಏನಾದರೂ ಇದೆಯಾ, ನೆಂಟರು ಎಲ್ಲೆಲ್ಲಿದ್ದಾರೆ. ಹೆಣ್ಣಿನ ಕಡೆಯವರು ಕೇಳುವುದೂ ಇದನ್ನೇ, ಪೊಲೀಸರು ಕೇಳುವುದೂ ಇದನ್ನೇ ಎಂದು ಯಾರಿಗೆ ಹೊಳೆಯಬೇಕು? ಟೀ ಅಂಗಡಿಯವನೇ ಅವನನ್ನು ಕರೆದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂರಿಸಿದ. ಅಪ್ಪ ತೀರಿಕೊಂಡ ಮೇಲೆ ಮನೆಗೆ ದೊಡ್ಡವರಾಗಿದ್ದ ಚಿಕ್ಕಪ್ಪ ಎದುರಿಗೆ ಕೂತರು. ಅವ್ವ ಉಪ್ಪಿಟ್ಟು ಕಾಫಿ ಕೊಟ್ಟಳು. ಮೂರು ಎಕರೆ ಜಮೀನು ಆರಾಯಿತು. ಹಬ್ಬದಲ್ಲಿ ಎರಡು ಗ್ಲಾಸು ಬೀರು ಕುಡಿಯುವ ತಮ್ಮ ವಾಸನೆಗೂ ಮೂಗು ಮುಚ್ಚಿಕೊಳ್ಳುವವನಾದ. ಆಮೇಲೆ ಯಾರೋ ಒಬ್ಬರು, ಹುಡುಗನ ಸೋದರಮಾವನಿಗೆ ಹೊರದೇಶದಲ್ಲಿ ಟೀ ಎಸ್ಟೇಟು ಇದೆ ಎಂದರು.

ನಮ್ಮ ಮಾವ ಇದ್ದದ್ದು ಗೂಡಲೂರಿನಲ್ಲಿ. ಬಂಡೀಪುರದ ಕಾಡು ದಾಟಿ ತಮಿಳುನಾಡಿಗೆ ಇಳಿದರೆ ಸಿಗುವ ಊರು. ಅಲ್ಲಿನ ಒಂದು ಎಸ್ಟೇಟಿನಲ್ಲಿ ಟೀ ಎಲೆ ತೂಗುವ ಶೆಡ್ಡಿಗೆ ಕಾವಲುಗಾರರಾಗಿದ್ದರು. ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದ ಅವರಿಗೆ 'ಎಸ್ಟೇಟ್ ಸಾಹುಕಾರರು' ಎಂದು ಮನೆಯಲ್ಲಿ ಹೆಸರಿಟ್ಟವನು ನಾನೇ. ಅದನ್ನು ಒಪ್ಪಿಕೊಳ್ಳುತ್ತೇನೆ.

ಹದಿನೈದು ದಿನದ ಮೇಲೆ ಉಮ್ಮತ್ತೂರಿನಿಂದ ನಿಜವಾದ ಮನುಷ್ಯ ಬಂದ. ಚಿಕ್ಕಪ್ಪ ಪದ್ಧತಿ ಮರೆತು, ಮೊನ್ನೆ ಬಂದವರು ಎಲ್ಲ ಹೇಳಲಿಲ್ಲವೇ ಎಂದರಂತೆ. ನಾವು ಯಾರನ್ನೂ ಕಳಿಸಿಲ್ಲವಲ್ಲ ಎಂದ ಅವನು. ಹಾಗಾದರೆ ಉಪ್ಪಿಟ್ಟು ತಿಂದು ಹೋದವನು ಯಾರು ಎಂದು ಮನೆಯವರು ತಲೆ ಕೆಡಿಸಿಕೊಂಡಿರುವಾಗಲೇ ಬೆಂಗಳೂರಿನಿಂದ ತಮ್ಮನ ಫೋನು ಬಂತು. ಹೊರದೇಶದಲ್ಲಿ ನೆಂಟರಿಲ್ಲ ಎಂದು ಅವನು ಫಾರಂ ತುಂಬಿ ಕೊಟ್ಟಿದ್ದ. ಇದ್ದಾರೆ ಎಂದು ವರದಿ ಹೋಗಿತ್ತು. ವಿಷಯ ಮುಚ್ಚಿಟ್ಟಿದ್ದಾನೆ ಎಂದು ಅವನ ಹೆಸರನ್ನು ತಡೆಹಿಡಿದಿದ್ದರು. ವರದಿಯ ಒಂದು ಪ್ರತಿಯನ್ನೂ ಅವನ ಕೈಗೆ ಕೊಟ್ಟಿದ್ದರು. 'ಮನೆಯವರು ತಿಳಿಸಿರುತ್ತಾರೆ' ಎಂದಷ್ಟೇ ಅದರಲ್ಲಿತ್ತು. ಮನೆಯವರಲ್ಲಿ ಯಾರು ಎಂದು ಇರಲಿಲ್ಲ. ತಂಡ ಹೊರಡಲು ಎರಡು ತಿಂಗಳಿತ್ತು.

ಅಲ್ಲಿಂದ ನನ್ನ ಅಲೆದಾಟ ಶುರುವಾಯಿತು. ಚಾಮರಾಜನಗರದಲ್ಲಿದ್ದವನು ನಾನಾದ್ದರಿಂದ ಕಚೇರಿಗಳೆಲ್ಲ ನನ್ನ ಪಾಲಿಗೆ. ಮೊದಲನೇ ಪೀರಿಯಡ್ ಮುಗಿಸಿ ಸೈಕಲ್ ಹತ್ತಿದರೆ ಮೂರನೇ ಪೀರಿಯಡ್ಡಿಗೆ ಬೆವರಿಕೊಂಡು ವಾಪಸು. ವರದಿ ಬರೆದ ಕಚೇರಿಯವರು, ನೆಂಟರಿಲ್ಲ ಅನ್ನುವುದಕ್ಕೆ ಸರ್ಟಿಫಿಕೇಟು ತನ್ನಿ ಎಂದರು. ಅದನ್ನು ಕೊಡಬೇಕಾದ ಕಚೇರಿಯವರು, ಇರುವುದಕ್ಕೆ ಸರ್ಟಿಫಿಕೇಟು ಕೊಡುತ್ತೇವೆ, ಇಲ್ಲದ್ದಕ್ಕೆ ಕೊಡುವ ಪದ್ಧತಿ ಇಲ್ಲ ಎಂದರು. ವಂಶವೃಕ್ಷ ಮಾಡಿಸಿದೆ. ಅದರಲ್ಲಿ ಅಪ್ಪನ ಕಡೆಯವರು ಮಾತ್ರ ಬರುತ್ತಾರೆ, ತಾಯಿಯ ತಮ್ಮ ಬರುವುದಿಲ್ಲ, ಆದ್ದರಿಂದ ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಗುಮಾಸ್ತ ಬೆರಳಿಟ್ಟು ತೋರಿಸಿದ. ಮಾವನ ರೇಷನ್ ಕಾರ್ಡು ತರಿಸಿದೆ. ಅದು ತಮಿಳಿನಲ್ಲಿದೆ, ಕನ್ನಡಕ್ಕೆ ಮಾಡಿಸಿ ತನ್ನಿ ಎಂದರು. ಎದುರಿನ ಬೇಕರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅದೇ ಕಚೇರಿಯ ವರಾಂಡದಲ್ಲಿ ತಮಿಳು ಮಾತಾಡುವವರು ಹತ್ತು ಜನ ಸಿಗುತ್ತಿದ್ದರು. ಗುಮಾಸ್ತನೇ ಫೋನಿನಲ್ಲಿ ಯಾರ ಜೊತೆಗೋ ಸೊಗಸಾದ ತಮಿಳಿನಲ್ಲಿ ಮಾತಾಡುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಆದರೆ ಓದಿ ಸೀಲು ಹಾಕುವವರು ಬೇಕಂತೆ.

ಒಂದು ದಿನ ತಡೆಯಲಾರದೆ ಆ ಗುಮಾಸ್ತನಿಗೆ ಹೇಳಿಬಿಟ್ಟೆ. ಸರ್ಕಾರ ಇಡೀ ರಾಡಾರನ್ನೇ ಹೊರದೇಶಕ್ಕೆ ಮಾರುತ್ತಿದೆ, ದೇಶಕ್ಕೆ ಹೊರಗಿನ ನೆಂಟಸ್ತನ ಇರಬಹುದು, ನನ್ನ ತಮ್ಮನಿಗೆ ಇರಬಾರದು, ಇದು ಯಾವ ನ್ಯಾಯ ಎಂದೆ. ಅವನು ಕನ್ನಡಕದ ಮೇಲಿಂದ ನೋಡಿ, ಮೇಷ್ಟ್ರೇ, ಈಗ ಇದನ್ನೂ ಬರೆದುಕೊಳ್ಳಬೇಕಾ ಎಂದ. ನಾನು ರೇಷನ್ ಕಾರ್ಡು ಎತ್ತಿಕೊಂಡು ಹೊರಗೆ ಬಂದೆ.

ಕೊನೆಗೆ ಮಾವನನ್ನೇ ಕರೆಸಿದೆವು. ಸ್ವೆಟರು, ಮಫ್ಲರು ಸಮೇತ ಕಾಡು ದಾಟಿ ಬಂದರು. ಅಧಿಕಾರಿಯ ಮುಂದೆ ಕುರ್ಚಿಯ ತುದಿಯಲ್ಲಿ ಕೂತರು. ನಿಮ್ಮ ಎಸ್ಟೇಟು ಎಷ್ಟು ದೊಡ್ಡದು ಎಂದು ಅಧಿಕಾರಿ ಕೇಳಿದರು.

"ಎಸ್ಟೇಟೇನೋ ದೊಡ್ಡದೇ ಸ್ವಾಮಿ," ಎಂದರು ಮಾವ. "ನಂದಲ್ಲ, ಅಷ್ಟೇಯ."

ಅಧಿಕಾರಿಗೆ ನಗು ಬಂತು. ಕೆಟ್ಟ ಮನುಷ್ಯರಲ್ಲ. ಇವರ ಹೇಳಿಕೆ ಸಾಕು, ಆದರೆ ಮೊದಲು ತಿಳಿಸಿದವರು ಬಂದು ತಾವು ಹೇಳಿದ್ದು ತಪ್ಪು ಎಂದು ಬರೆದು ಸಹಿ ಮಾಡಿದರೆ ಅದೇ ದಿನ ಫೈಲು ಕಳಿಸುತ್ತೇನೆ ಎಂದರು. ಅಂದರೆ ಚಿಕ್ಕಪ್ಪ ಎಂದು ನಾನು ಅಂದುಕೊಂಡೆ. ಅವತ್ತೇ ಊರಿಗೆ ಹೋದೆ.

ಚಿಕ್ಕಪ್ಪ ಹಿತ್ತಲಲ್ಲಿ ಹೂವಿನ ಚೀಲ ಹೊಲಿಯುತ್ತಿದ್ದರು. ವಿಷಯ ಹೇಳಿದೆ. ಅವರು ದಬ್ಬಳ ನಿಲ್ಲಿಸಲಿಲ್ಲ. ಉಮ್ಮತ್ತೂರಿನ ಮಾತು ಇನ್ನೂ ನಡೆಯುತ್ತಿದೆ, ಹುಡುಗನ ಬಗ್ಗೆ ಸುಳ್ಳು ಹೇಳಿದೆ ಎಂದು ಪೊಲೀಸರಿಗೆ ಬರೆದುಕೊಟ್ಟರೆ ಅದು ಅಲ್ಲಿಗೂ ಮುಟ್ಟುತ್ತದೆ ಎಂದು ಶುರುಮಾಡಿದರು. ನನಗೆ ರೇಗಿಹೋಯಿತು. ಒಂದು ಸಹಿಗೆ ಅವನ ಎರಡು ವರ್ಷದ ಕೆಲಸ ಹಾಳು ಮಾಡುತ್ತೀರಾ, ನೀವು ಆಡಿದ ಮಾತಿಗೆ ನೀವೇ ಹೊಣೆ ಎಂದು ಜೋರಾಗಿಯೇ ಅಂದೆ. ಆಗ ಅವರು ದಬ್ಬಳ ಕೆಳಗಿಟ್ಟು ನನ್ನ ಮುಖ ನೋಡಿದರು.

"ಎಸ್ಟೇಟ್ ಮಾತ ನಾನೆಲ್ಲಿ ಆಡ್ದೆ ಕಣ್ಲಾ? ಅದ ಏಳ್ದೋನು ನೀನು. ಕಂಬಕ್ಕೆ ಒರಗ್ಕಂಡು ನಿಂತಿದ್ದೆ. ನಾನು ಜಮೀನ್ ಮಾತಾಡ್ತಿದ್ರೆ ನಡೂಕ್ ಬಾಯಾಕ್ದೆ."

ಅವತ್ತು ನಾನು ಊರಲ್ಲೇ ಇರಲಿಲ್ಲ, ಕ್ಲಾಸಿನಲ್ಲಿದ್ದೆ ಎಂದೆ.

"ಓದ್ದೋನು ನೀನು, ನೀನ್ ಏಳುದ್ದೇ ನಿಜ ಇರ್ಲಿ ಬುಡು," ಎಂದು ಅವರು ಮತ್ತೆ ದಬ್ಬಳ ತೆಗೆದುಕೊಂಡರು.

ಅವ್ವನನ್ನು ಕೇಳಿದರೆ, ನಾನು ಒಲೆ ಮುಂದೆ ಇದ್ದೆ ಕಣಪ್ಪ, ಕಾಫಿ ಕೊಟ್ಟು ಒಳಗೆ ಹೋದೆ ಎಂದಳು. ನಾನಿದ್ದೆನಾ ಎಂದು ಕೇಳಿದ್ದಕ್ಕೆ, ನೀನು ವಾರಕ್ಕೊಂದು ಸಲ ಬಂದು ಹೋಗ್ತಿದ್ದೆ, ಯಾವತ್ತು ಇದ್ದೆ, ಯಾವತ್ತು ಇರಲಿಲ್ಲ, ನಾನೇನು ಬರೆದು ಮಡಗಿದ್ದೀನಾ ಎಂದಳು.

ನಾನು ಹೇಳಿದೆ ಎಂದು ಬರೆದು ಸಹಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಕಲಿಲ್ಲ. ಆಡದ ಮಾತಿಗೆ ಸಹಿ ಹಾಕುವುದು ಸುಳ್ಳು ಎಂದು ಹಟ ಹಿಡಿದೆ. ಸತ್ಯದ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟು. ಚಿಕ್ಕಪ್ಪನೂ ಹಾಕಲಿಲ್ಲ. ಕಡೆಗೆ ಅಧಿಕಾರಿಗಳೇ ಬೇಸತ್ತು ಮಾವನ ಹೇಳಿಕೆಯ ಮೇಲೆ ಫೈಲು ಕಳಿಸಿದರು. ಅದು ಬೆಂಗಳೂರು ಮುಟ್ಟಿದಾಗ ತಂಡ ಹೊರಟು ಎಂಟು ದಿನವಾಗಿತ್ತು. ತಮ್ಮನ ಜಾಗದಲ್ಲಿ ಆ ರಾಡಾರಿನ ಮೇಲೆ ನಾಲ್ಕು ತಿಂಗಳು ಕೆಲಸ ಮಾಡಿದ್ದ ಒಬ್ಬ ಹೋಗಿದ್ದ.

ತಮ್ಮ ಹಬ್ಬಕ್ಕೆ ಊರಿಗೆ ಬಂದ. ಯಾರ ಮೇಲೂ ಕೂಗಾಡಲಿಲ್ಲ. ಊಟ ಮಾಡಿ ಕೂತಿದ್ದಾಗ ಅವನ ಮೊಬೈಲು ಒಂದು ಸಲ ಬಡಿದು ನಿಂತಿತು. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅವನು ಹೊಲದ ಬದುವಿನವರೆಗೂ ಓಡಿದ. ಏನೋ ಅನಾಹುತ ಎಂದುಕೊಂಡು ನಾನೂ ಹಿಂದೆ ಹೋದೆ. ಆ ಕಡೆಯಿಂದ ಮಾತಾಡುತ್ತಿದ್ದವನು ತಮ್ಮನ ಬದಲು ಹೊರದೇಶಕ್ಕೆ ಹೋದ ಆ ಟೆಕ್ನಿಷಿಯನ್. ಯಂತ್ರ ನಿಲ್ಲಿಸಿದ್ದಾರೆ, ಪರದೆಯ ಮೇಲೆ ಏನೂ ಮೂಡುತ್ತಿಲ್ಲ. ಚೆಂಡುಹೂವಿನ ನಡುವೆ ನಿಂತು ತಮ್ಮ ಕಣ್ಣು ಮುಚ್ಚಿಕೊಂಡ. ಎಡಗೈ ಗಾಳಿಯಲ್ಲಿ ಯಾವುದನ್ನೋ ಹುಡುಕುತ್ತಿತ್ತು.

"ಅದಲ್ಲ. ಅದರ ಹಿಂದಿನದು. ಬಿಚ್ಚಿ ಒರೆಸಿ ಮತ್ತೆ ಕೂರಿಸಿ. ನಿಧಾನಕ್ಕೆ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, "ಈಗ ತಿರುಗ್ತಾ ಇದೆಯಾ? ಏನು ಕಾಣ್ತಿದೆ?" ಎಂದ.

ಏನು ಕಂಡಿತೋ ನನಗೆ ಕೇಳಿಸಲಿಲ್ಲ. ತಮ್ಮ ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿ, ಹ್ಞೂಂ, ಹ್ಞೂಂ ಎನ್ನುತ್ತಿದ್ದ. ದೇಶಕ್ಕೆ ನಂಬಲಾಗದವನು ಚೆಂಡುಹೂವಿನ ಹೊಲದಲ್ಲಿ ನಿಂತು ದೇಶದ ಯಂತ್ರ ಸರಿಮಾಡಿಕೊಟ್ಟ. ಆ ಮಾತನ್ನು ನಾನು ಜೋರಾಗಿಯೇ ಅಂದೆ. ಅವನು ಫೋನು ಜೇಬಿಗೆ ಹಾಕಿಕೊಂಡು, ಯಾರಿಗೂ ಹೇಳಬೇಡ, ಹೀಗೆ ಮಾತಾಡುವಂತಿಲ್ಲ ಎಂದ. ಮನೆಯ ಹತ್ತಿರ ಬಂದಮೇಲೆ ಒಂದೇ ಒಂದು ಸಲ ಕೇಳಿದ.

"ಅಣ್ಣ, ಅವತ್ತು ನೀನು ಊರಲ್ಲಿದ್ದೆಯಾ?"

ಇರಲಿಲ್ಲ ಎಂದೆ. ಅವನು ತಲೆ ಆಡಿಸಿದ. ಮುಂದಿನ ವರ್ಷ ಉಮ್ಮತ್ತೂರಿನ ಹುಡುಗಿಯನ್ನೇ ಮದುವೆಯಾದ. ಹೊರದೇಶಕ್ಕೆ ಹೋಗುವ ಅವಕಾಶ ಅವನಿಗೆ ಮತ್ತೆ ಬರಲಿಲ್ಲ. ನಾನು ಈ ಕತೆಯನ್ನು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ ಬೇಕಾದಷ್ಟು ಸಲ ಹೇಳಿ ನಗಿಸಿದ್ದೇನೆ. ಚಿಕ್ಕಪ್ಪನ ಧ್ವನಿಯನ್ನೂ ಮಾಡಿ ತೋರಿಸುತ್ತಿದ್ದೆ. ಅವರು ಈಗಿಲ್ಲ.

ಮೊನ್ನೆ ಕಾಲೇಜಿನಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಬೇರೆ ಕೋಣೆಗೆ ಸಾಗಿಸುತ್ತಿದ್ದರು. ತಮ್ಮನ ಪೆಟ್ಟಿಗೆಯಲ್ಲಿದ್ದ ಆ ವರದಿಯ ಪ್ರತಿಯಿಂದ ವಿಚಾರಣೆಯ ತಾರೀಕನ್ನು ನಾನು ಎಂದೋ ಬರೆದಿಟ್ಟುಕೊಂಡಿದ್ದೆ. ಆ ವರ್ಷದ ಪುಸ್ತಕ ಹುಡುಕಿ ತೆಗೆದೆ. ಆ ತಾರೀಕಿನ ಚೌಕದಲ್ಲಿ ನನ್ನ ಸಹಿ ಇಲ್ಲ. ಕೆಂಪು ಶಾಯಿಯಲ್ಲಿ ರಜೆ ಎಂದಿದೆ. ರಜೆ ಚೀಟಿಗಳ ಕಟ್ಟನ್ನೂ ಬಿಚ್ಚಿಸಿ ನೋಡಿದೆ. ಚೀಟಿ ಸಿಕ್ಕಿತು, ಅಕ್ಷರ ನನ್ನದೇ: ತಮ್ಮನ ಸಂಬಂಧ ವಿಚಾರಿಸಲು ಜನ ಬರುವವರಿರುವುದರಿಂದ ಒಂದು ದಿನ ಊರಿನಲ್ಲಿ ಇರಬೇಕಾಗಿದೆ.