ಬೆಂಚು ಮುರಿದ ಸದ್ದು

ಬೆಂಚು ಮುರಿದಿರಲಿಲ್ಲ, ಮುರಿದ ಸದ್ದು ಮಾಡಿದ್ದು ನನ್ನ ಬಾಯಿ. ರೇಡಿಯೋದ ವಾರ್ತೆಯವರಿಂದ ಹಿಡಿದು ನನ್ನದೇ ಗೊರಕೆಯವರೆಗೆ ಎಲ್ಲವನ್ನೂ ಅಣಕಿಸುವ ಈ ಬಾಯಿಗೆ, ಅಕ್ಕನನ್ನು ನೋಡಲು ಗಂಡಿನವರು ಬಂದ ದಿನವೂ ರಜೆ ಇರಲಿಲ್ಲ.

ಕೊಲ್ಲಮೊಗ್ರಿನಿಂದ ಬಂದ ಹುಡುಗನ ಅಪ್ಪ ಭಾರೀ ಆಸಾಮಿ. ಅವರು ನಮ್ಮ ಇಚಿಲಂಪಾಡಿ ಮನೆಯ ಚಾವಡಿಯ ಉದ್ದ ಬೆಂಚಿನ ಮೇಲೆ ಕೂರುತ್ತಿದ್ದಂತೆ ನಾನು ಬಾಗಿಲ ಮರೆಯಿಂದ "ಕಿರ್ರ್ರ್... ಟಪ್!" ಎಂದೆ. ಅವರು ಹಾರಿ ನಿಂತರು. ಅಪ್ಪನ ಮುಖ ಬಿಳಿಚಿತು. ಅಕ್ಕನಿಗೆ ಬಂದ ಸಂಬಂಧಗಳು ಅದಾಗಲೇ ಒಂದೆರಡು ತಪ್ಪಿಹೋಗಿದ್ದವು. ಕಾಫಿ ಲೋಟ ಹಿಡಿದು ನಿಂತಿದ್ದ ಅವಳು ನೋಡಿದ ನೋಟಕ್ಕೆ ನಾನು ಬಾಗಿಲ ಹಿಂದೆ ಇನ್ನಷ್ಟು ಸರಿದು ನಿಂತೆ.

ಆ ಹಿರಿಯರು ಬಗ್ಗಿ ಬೆಂಚಿನ ಅಡಿ ನೋಡಿದರು. ಬೆರಳ ಗೆಣ್ಣಿನಿಂದ ಹಲಗೆಯನ್ನು ಬಡಿದರು. ಆಮೇಲೆ ಹೆಂಡತಿಯನ್ನೂ ಮಗನನ್ನೂ ಆಚೀಚೆ ಕೂರಿಸಿ, ನಟ್ಟನಡುವೆ ತಾವೂ ಧೊಪ್ಪೆಂದು ಕೂತರು. ಹಲಗೆ ಕೂದಲೆಳೆಯಷ್ಟೂ ತಗ್ಗಲಿಲ್ಲ.

ಅಕ್ಕ ಈಗ ಅದೇ ಮನೆಯ ಸೊಸೆ, ಸುಖವಾಗಿದ್ದಾಳೆ. ನಾನು ಹೋದಾಗಲೆಲ್ಲ ಮಾತ್ರ ಅವಳ ಮಾವ ಕಾಫಿಗೆ ಮೊದಲು "ಕಹಿ ಕಷಾಯ ಬೇಕಾ?" ಎಂದು ಕೇಳುತ್ತಾರೆ. ಅಂದು ಬೆಂಚಿನ ಮೇಲೆ ಕೂತು ಅವರು, ಬಾಗಿಲ ಕಡೆ ತಿರುಗಿಯೂ ನೋಡದೆ ಅಪ್ಪನಿಗೆ ಹೇಳಿದ್ದು ಇಷ್ಟು: "ಇದು ಕಿರಾಲ್‌ಬೋಗಿ ಮರ ಮಾರಾಯ್ರೆ, ಆನೆ ಕೂತರೂ ಬಗ್ಗುದಿಲ್ಲ. ಬಗ್ಗದ ಮರ ಕೂಗುದು ಹೇಗೆ? ಕೂಗಿದ್ದು ಬಾಗಿಲ ಹಿಂದಿನ ಪಾಲೆ ಮರ. ಅದು ಬೆಂಚಿಗೆ ಆಗುದಿಲ್ಲ, ಆಟಿ ಅಮಾವಾಸ್ಯೆಗೆ ತೊಗಟೆ ಸುಲಿದು ಕಹಿ ಕಷಾಯ ಮಾಡ್ಲಿಕ್ಕೆ ಆದೀತು!"